ಯಾರೂ ನೆಡದ ತೋಟ



ಕೊಳ್ಳೇಗಾಲದಿಂದ ಯಳಂದೂರಿನ ಮೂಲಕ ಬಿಳಿಗಿರಿರಂಗನ ಬೆಟ್ಟಕ್ಕೆ ಯಾತ್ರೆ ಹೋಗುವವರು ದೇವರ ದರ್ಶನದ ಜೊತೆಗೆ ಅಲ್ಲಿನ ನಾಡಗಿಡಗಳನ್ನೂ ನೋಡಿ ಬರಬೇಕು. ನೆಲ್ಲಿ, ಅಳಲೆ, ಹೊನ್ನೆ, ಮತ್ತಿ. ಭಾರ್ಗವಿ ಹೊಳೆಯ ದಡದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ. ಯಾರೂ ನೆಡದ ತೋಟವಿದು.

ಈ ಮರಗಳ ಕೆಳಗೆ ಲಂಟಾನ ಹಬ್ಬಿ ಎಳೆಯ ಸಸಿಗಳನ್ನು ಅಡಗಿಸುತ್ತಿದೆ. ಇದು ಅಮೆರಿಕ ಖಂಡದ ಗಿಡ. 19ನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಭಾರತಕ್ಕೆ ತಂದದ್ದು. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಹಿಂದೆ ಕಾಡಿನಲ್ಲಿ ಹಾಕುತ್ತಿದ್ದ ತರಗು ಬೆಂಕಿ ಇದನ್ನು ತಡೆಯುತ್ತಿತ್ತೆಂದು ಸೋಲಿಗರು ಹೇಳುತ್ತಾರೆ. ಹನೂರು ತಾಲ್ಲೂಕಿನ ಮಲೆಮಹದೇಶ್ವರ ಬೆಟ್ಟದಲ್ಲಿ ಇದರ ಕಡ್ಡಿಗಳಿಂದ ಪೀಠೋಪಕರಣ ಮಾಡುವವರೂ ಇದ್ದಾರೆ.

ತಮ್ಮ ಬದುವಿನಲ್ಲಿ ಲಂಟಾನ ಕಂಡರೆ, ನೆಲ ಹಸಿಯಿರುವಾಗ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಿರಿ. ಆ ಜಾಗದಲ್ಲಿ ನೆಲ್ಲಿಯನ್ನೋ ಹೊಂಗೆಯನ್ನೋ ನೆಡಿರಿ.