ಹಡಗು ದಡಕ್ಕೆ ಬಂದಾಗ: ಬಾಡಿಗೆ ಕಾರೋ, ಟ್ಯಾಕ್ಸಿಯೋ?



ಹೊಸೂರಿಗೆ ಸಮುದ್ರವಿಲ್ಲ. ನಮ್ಮ ಕಡೆ ನೀರು ಎಂದರೆ ದಕ್ಷಿಣ ಪಿನಾಕಿನಿಯ ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ ಅಣೆಕಟ್ಟು, ಇಲ್ಲವೇ ಊರ ಮುಂದಿನ ಕೆರೆ. ಆದರೂ ಇಂದು ಹಡಗಿನ ವಿಷಯ ಎತ್ತಿಕೊಂಡಿದ್ದೇನೆ. 2022ರ ಜೂನ್ ತಿಂಗಳಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ಎಂಬ ವಿಹಾರ ನೌಕೆ ಚೆನ್ನೈ ಬಂದರಿನಿಂದ ವಿಶಾಖಪಟ್ಟಣದತ್ತ ಹೊರಟಿತು. ಮರುವರ್ಷ, 2023ರ ಜೂನ್‌ನಲ್ಲಿ, ಅದೇ ನೌಕೆ ಶ್ರೀಲಂಕೆಯ ಹಂಬನ್‌ತೋಟ, ತ್ರಿಂಕೋಮಲಿ, ಕಾಂಕೇಸಂತುರೈ ಬಂದರುಗಳಿಗೆ ಯಾನ ಆರಂಭಿಸಿತು. ಅಂದಿನಿಂದ ಹಡಗಿನ ಪ್ರವಾಸವೆಂಬುದು ಸಿನಿಮಾದಲ್ಲಿ ನೋಡುವ ವಸ್ತುವಾಗಿ ಉಳಿದಿಲ್ಲ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ದಂಪತಿಗಳೂ ಟಿಕೆಟ್ಟಿನ ವಿಚಾರಣೆ ಮಾಡುತ್ತಿದ್ದಾರೆ.

ಹಡಗಿನಲ್ಲಿ ಇರುವಷ್ಟು ಹೊತ್ತು ಚಿಂತೆಯಿಲ್ಲ. ಊಟ, ಹಾಸಿಗೆ ಎಲ್ಲವೂ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಪ್ರಶ್ನೆ ಹುಟ್ಟುವುದು ಅದು ಒಂದು ಊರಿನ ಬಂದರಿನಲ್ಲಿ ಹಗಲೆಲ್ಲ ನಿಂತು, ಪ್ರಯಾಣಿಕರನ್ನು ದಡಕ್ಕೆ ಬಿಟ್ಟಾಗ. ಕಾರೊಂದನ್ನು ಬಾಡಿಗೆಗೆ ಪಡೆದು ನಾವೇ ಓಡಿಸಿಕೊಂಡು ಹೋಗುವುದೋ, ಟ್ಯಾಕ್ಸಿ ಹಿಡಿಯುವುದೋ? ಲೇಲ್ಯಾಂಡ್ ಲಾರಿ, ಟಿವಿಎಸ್ ಬೈಕು ತಯಾರಾಗುವ ಊರಿನವರು ನಾವು. ಸ್ಟಿಯರಿಂಗ್ ಎಂದರೆ ಕೈ ತುರಿಸುತ್ತದೆ. ಆದುದರಿಂದ ಅನೇಕರ ಮೊದಲ ಆಲೋಚನೆ ಬಾಡಿಗೆ ಕಾರಿನ ಕಡೆಗೇ ಹೋಗುತ್ತದೆ. ನನ್ನ ಅಭಿಪ್ರಾಯ ಬೇರೆ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

ಮೊದಲು ಗಡಿಯಾರದ ಲೆಕ್ಕ. ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಗಂಟೆ ಕೈಯಲ್ಲಿದೆ ಎನಿಸುತ್ತದೆ. ಆದರೆ ತಪಾಸಣೆ ಮುಗಿಸಿ ಗೇಟಿನಿಂದ ಹೊರಬರುವ ವೇಳೆಗೆ 9 ದಾಟಿರುತ್ತದೆ. ಹಡಗು ಹೊರಡುವ ಅರ್ಧ ಗಂಟೆ, ಒಂದು ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು. ಉಳಿದದ್ದು ಏಳು, ಎಂಟು ಗಂಟೆ. ಬಾಡಿಗೆ ಕಾರಾದರೆ ಇದರಲ್ಲೇ ಕಚೇರಿ ಹುಡುಕಬೇಕು, ಲೈಸೆನ್ಸು ತೋರಿಸಬೇಕು, ಠೇವಣಿ ಕಟ್ಟಬೇಕು, ಕಾರಿನ ಮೇಲಿರುವ ಹಳೆಯ ಗೀರುಗಳನ್ನು ಬರೆಸಬೇಕು. ನಮ್ಮ ದೊಡ್ಡ ಬಂದರುಗಳಿಗೆ ಸಿಐಎಸ್‌ಎಫ್ ಕಾವಲಿರುತ್ತದೆ. ಪಾಸಿಲ್ಲದ ಕಾರು ಹಡಗಿನ ಪಕ್ಕಕ್ಕೆ ಬರುವಂತಿಲ್ಲ. ಸಂಜೆ ಇದೇ ಕೆಲಸ ತಿರುಗುಮುರುಗಾಗಿ: ಪೆಟ್ರೋಲು ತುಂಬಿಸುವುದು, ಕಾರು ಒಪ್ಪಿಸುವುದು, ಠೇವಣಿ ವಾಪಸ್ಸು ಕೇಳುವುದು.

ಈ ಠೇವಣಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಾಡಿಗೆ ಕಾರಿನಲ್ಲಿ ಹಣ ಬೆಳಿಗ್ಗೆಯೇ ನಿಮ್ಮ ಕೈಬಿಟ್ಟು ಹೋಗಿರುತ್ತದೆ. ಅದನ್ನು ಮರಳಿ ಪಡೆಯಬೇಕಾದದ್ದು ಹಡಗು ಹೊರಡುವ ಹೊತ್ತಿನಲ್ಲಿ. ಬಂಪರಿನ ಮೇಲೊಂದು ಗೀರು ಕಂಡಿತೆಂದು ಅವನು ತಗಾದೆ ತೆಗೆದರೆ, ನಿಂತು ವಾದಿಸಲು ನಿಮಗೆ ಪುರುಸೊತ್ತಿಲ್ಲ. ಅವನಿಗೆ ಆತುರವಿಲ್ಲ, ನಿಮಗಿದೆ. ಟ್ಯಾಕ್ಸಿಯಲ್ಲಿ ಇದು ಉಲ್ಟಾ. ಹಣ ಕೊನೆಯವರೆಗೂ ನಿಮ್ಮ ಜೇಬಿನಲ್ಲೇ ಇರುತ್ತದೆ. ನಿಮ್ಮನ್ನು ಸಮಯಕ್ಕೆ ಸರಿಯಾಗಿ ಗೇಟಿಗೆ ತಲುಪಿಸಿದರೆ ಮಾತ್ರ ಡ್ರೈವರಿಗೆ ದುಡ್ಡು. ದಾರಿಯಲ್ಲಿ ಟಯರು ಪಂಕ್ಚರಾದರೆ ಅದು ಅವನ ತಲೆನೋವು. ನೀವು ಬೇರೊಂದು ವಾಹನ ಹತ್ತಬಹುದು. ಕಿಲೋಮೀಟರಿಗೆ ಎಷ್ಟು ಎಂಬುದಕ್ಕಿಂತ ಈ ವ್ಯತ್ಯಾಸ ದೊಡ್ಡದು. ಏಕೆಂದರೆ ಹಡಗು ಕಾಯುವುದಿಲ್ಲ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತವಾಗಿ ಹೋದವರು ತಡವಾದರೆ, ಮುಂದಿನ ಬಂದರಿಗೋ ಊರಿಗೋ ಸ್ವಂತ ಖರ್ಚಿನಲ್ಲಿ ಹೋಗಬೇಕು. ವಿದೇಶದ ಬಂದರಾದರೆ ಆ ಕಷ್ಟ ಇಮ್ಮಡಿ.

ಕಾನೂನಿನ ಒಂದು ಮಾತು. ಅಟ್ಟಿಬೆಲೆ ಚೆಕ್‌ಪೋಸ್ಟನ್ನು ನೋಡಿ ಬೆಳೆದ ನಮಗೆ ನಂಬರ್ ಪ್ಲೇಟಿನ ಭಾಷೆ ಹೊಸದೇನಲ್ಲ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರವಿದ್ದರೆ ನಾವೇ ಓಡಿಸುವ ಬಾಡಿಗೆ ಕಾರು. 1989ರ ‘ರೆಂಟ್ ಎ ಕ್ಯಾಬ್’ ಯೋಜನೆಯಂತೆ ಇಂಥ ಕಾರು ಬಾಡಿಗೆಗೆ ಕೊಡುವ ಪರವಾನಗಿ ಬೇಕಾದರೆ ಕನಿಷ್ಠ 50 ವಾಹನಗಳಿರಬೇಕು. ಬಂದರಿನ ಹೊರಗೆ ಯಾರಾದರೂ ಬಿಳಿ ಪ್ಲೇಟಿನ ಸ್ವಂತ ಕಾರನ್ನು ‘ಅರ್ಧ ಬೆಲೆಗೆ ಕೊಡುತ್ತೇನೆ’ ಎಂದರೆ ಮುಟ್ಟಲು ಹೋಗಬೇಡಿ. ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಹೊರೆ ನಿಮ್ಮ ತಲೆಯ ಮೇಲೆ. ಶ್ರೀಲಂಕೆಯಲ್ಲಂತೂ ನಮ್ಮ ಲೈಸೆನ್ಸು ಹಾಗೆಯೇ ನಡೆಯುವುದಿಲ್ಲ, ಅಲ್ಲಿನವರ ಅನುಮತಿ ಪತ್ರ ಬೇಕು. ಒಂದು ಹಗಲಿನ ಭೇಟಿಗೆ ಆ ತಾಪತ್ರಯವೇಕೆ?

ಇನ್ನು ನಮ್ಮವರಿಗೇ ಇರುವ ಒಂದು ಅನುಕೂಲ. ಸ್ವತಃ ಕಾರು ಓಡಿಸಲು ಹೊರಡುವ ಪ್ರವಾಸಿಗರಲ್ಲಿ ಕೆಲವರು ಡ್ರೈವರನೊಡನೆ ಮಾತನಾಡಲು ಭಾಷೆಯಿಲ್ಲದವರು. ಹೊಸೂರಿನ ಕನ್ನಡಿಗನಿಗೆ ಆ ಬಡತನವಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಭಾಷಾ ಅಲ್ಪಸಂಖ್ಯಾತರೆಂದು ನಾವು ಕೊರಗುವುದುಂಟು, ಕೊರಗಲು ಕಾರಣಗಳೂ ಇವೆ. ಆದರೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾವು ಸಾಹುಕಾರರು. ವಿಶಾಖಪಟ್ಟಣದಲ್ಲಿ ತೆಲುಗು ಸಾಕು. ಕಾಂಕೇಸಂತುರೈಯಲ್ಲಿ ಇಳಿದರೆ ಜಾಫ್ನಾದ ನಲ್ಲೂರು ಕಂದಸ್ವಾಮಿ ದೇವಸ್ಥಾನ 20 ಕಿ.ಮೀ. ಒಳಗಿದೆ. ಕೀರಿಮಲೆಯ ಚಿಲುಮೆ ಇನ್ನೂ ಹತ್ತಿರ. ಅಲ್ಲಿಯ ಆಟೋ ಚಾಲಕ ಮಾತನಾಡುವುದು ತಮಿಳನ್ನೇ. ನಲ್ಲೂರಿನಲ್ಲಿ ಗಂಡಸರು ಅಂಗಿ ಕಳಚಿ ಒಳಗೆ ಹೋಗಬೇಕು, ಪಂಚೆ ಉಟ್ಟರೆ ಒಳ್ಳೆಯದು. ತ್ರಿಂಕೋಮಲಿಯಲ್ಲಿ ಕೋಟೆಯೊಳಗಿನ ಕೋಣೇಶ್ವರಕ್ಕೂ ಆಟೋ ಸಾಕು. ಹಂಬನ್‌ತೋಟದ ಮಾತು ಬೇರೆ. ಅಲ್ಲಿ ಸಿಂಹಳವೇ ಹೆಚ್ಚು, ಕದಿರ್ಗಾಮದ ಮುರುಗನ ಸನ್ನಿಧಿಯೂ ಯಾಲದ ಕಾಡೂ ದೂರ. ಅಲ್ಲಿ ಮಾತ್ರ ಹಡಗಿನವರ ಪ್ರವಾಸವನ್ನೇ ಸೇರಿಕೊಳ್ಳುವುದು ಕ್ಷೇಮ.

ನವಮಂಗಳೂರಿಗೆ ವಿದೇಶಿ ನೌಕೆಗಳು ಬಂದಾಗ ಆ ಪ್ರಯಾಣಿಕರು ಮಾಡುವುದನ್ನು ಗಮನಿಸಿ. ಪಣಂಬೂರಿನಿಂದ ಬಸ್ಸು, ಟ್ಯಾಕ್ಸಿ ಹಿಡಿದು 1432ರಲ್ಲಿ ಸ್ಥಾಪಿತವಾದ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿ ಸಂಜೆಗೆ ಮರಳುತ್ತಾರೆ. ಕೊಚ್ಚಿಯಲ್ಲಾದರೆ ಇಷ್ಟೂ ಬೇಡ. ಅಲ್ಲಿ ವಿಲಿಂಗ್ಡನ್ ದ್ವೀಪದಲ್ಲಿ 2021ರ ಫೆಬ್ರವರಿಯಲ್ಲಿ ‘ಸಾಗರಿಕಾ’ ಎಂಬ ಹೊಸ ಪ್ರಯಾಣಿಕ ನಿಲ್ದಾಣ ಲೋಕಾರ್ಪಣೆಯಾಯಿತು. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳ ಕಿರಿದಾದ ಬೀದಿಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಒಂದು ತಪಸ್ಸು. ಆಟೋದಲ್ಲಿ ಹೋಗಿ, ನಡೆದು ನೋಡಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ ಎಂಬುದು ನೆನಪಿರಲಿ.

ಬಾಡಿಗೆ ಕಾರು ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಹಡಗು ಗೋವೆಯಲ್ಲಿ ರಾತ್ರಿಯೂ ನಿಲ್ಲುವುದಿದ್ದರೆ, ಅಥವಾ ಯಾನ ಮುಗಿದ ಮೇಲೆ ಅಲ್ಲೇ ಎರಡು ದಿನ ತಂಗುವುದಿದ್ದರೆ, ನಾಲ್ಕೈದು ಮಂದಿ ಸೇರಿ ಕಪ್ಪು ಪ್ಲೇಟಿನ ಕಾರು ತೆಗೆದುಕೊಳ್ಳುವುದು ಲಾಭವೇ. ಹಿಂದಿರುಗಿಸಲು ಮರುದಿನವಿದೆ, ತಗಾದೆ ಬಂದರೆ ಮಾತನಾಡಲೂ ಹೊತ್ತಿದೆ. ಆದರೆ ಹೊಸೂರಿನಿಂದ ಚೆನ್ನೈ ಬಂದರಿಗೆ ಬಾಡಿಗೆ ಕಾರು ಓಡಿಸಿಕೊಂಡು ಹೋಗುವುದು ಶುದ್ಧ ದಂಡ. ನೀವು ಕಡಲಿನಲ್ಲಿರುವ ಮೂರು ದಿನವೂ ಕಾರಿನ ಬಾಡಿಗೆ ಏರುತ್ತಲೇ ಇರುತ್ತದೆ. ಕೃಷ್ಣಗಿರಿ, ವೇಲೂರಿನ ಮಾರ್ಗವಾಗಿ ಹೋಗುವ ಬಸ್ಸು ಹತ್ತಿ. ಅದೂ ಹಿಂದಿನ ದಿನವೇ.

ಟ್ಯಾಕ್ಸಿಯವನೊಡನೆ ಮಾತು ಮುಗಿಸುವ ಮುನ್ನ ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ. ಈ ದರ ಒಬ್ಬರಿಗೋ, ಇಡೀ ಗಾಡಿಗೋ? ಹೋಗಿಬರುವುದಕ್ಕೋ, ಹೋಗುವುದಕ್ಕೆ ಮಾತ್ರವೋ? ಕಾಯುವ ಹೊತ್ತು, ಟೋಲು, ಪಾರ್ಕಿಂಗು ಇದರಲ್ಲಿ ಸೇರಿದೆಯೋ? ಯಾವ ಹಣದಲ್ಲಿ ಕೊಡಬೇಕು, ನಮ್ಮ ರೂಪಾಯಿಯೋ, ಅಲ್ಲಿಯ ರೂಪಾಯಿಯೋ? ಶ್ರೀಲಂಕೆಯಲ್ಲೂ ಹಣದ ಹೆಸರು ರೂಪಾಯಿಯೇ, ಬೆಲೆ ಮಾತ್ರ ಬೇರೆ. ಈ ಒಂದು ಮಾತಿನಲ್ಲೇ ಜಗಳ ಹುಟ್ಟುತ್ತದೆ. ಹಡಗು 6ಕ್ಕೆ ಹೊರಡುವುದಾದರೆ ಡ್ರೈವರಿಗೆ 4 ಗಂಟೆಗೇ ಗೇಟಿನಲ್ಲಿರಬೇಕು ಎಂದು ಹೇಳಿ. ವಾಹನದ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟರೊಬ್ಬರಿರುತ್ತಾರೆ. ಇಳಿಯುವ ಮೊದಲೇ ಹಡಗಿನ ಕೌಂಟರಿನಲ್ಲಿ ಅವರ ದೂರವಾಣಿ ಸಂಖ್ಯೆ ಕೇಳಿ, ಅದೇ ಚೀಟಿಯ ಹಿಂಬದಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.