ಎದೆಯಲ್ಲಿ ಗಂಟು ಕಂಡರೆ ಯಾರ ಅಪ್ಪಣೆಗೂ ಕಾಯಬೇಡಿ

(ಶಹಾಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಮಾತಾಡುವ ಸಭೆಯಲ್ಲಿ ಸ್ತನದ ಗಂಟಿನ ಮಾತೇಕೆ ಎಂದು ನೀವು ಕೇಳಬಹುದು. ಸುರಪುರದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂಟು ತಿಂಗಳು ಗಂಟನ್ನು ಗಂಡನಿಂದ ಮುಚ್ಚಿಟ್ಟಿದ್ದಳು. "ಗೊತ್ತಾದರೆ ತವರಿಗೆ ಕಳಿಸಿ ಇನ್ನೊಂದು ಮದುವಿ ಆಗ್ತಾರ್ರೀ ಮೇಡಂ" ಎಂದಳು. ಅತ್ತೆಗೆ ಹೇಳಿದ್ದಕ್ಕೆ, "ನೋವಿಲ್ಲಲ್ಲ, ಸುಮ್ಮನಿರು" ಎಂದರಂತೆ. ಅದು ಕ್ಯಾನ್ಸರ್ ಆಗಿತ್ತು. ಅವಳು ಈಗಿಲ್ಲ.

ನನಗೂ ನಲವತ್ತರ ಹೊತ್ತಿಗೆ ಗಂಟು ಬಂದಿತ್ತು. ಪರೀಕ್ಷೆಯಲ್ಲಿ ಅದು ಬರೀ ನೀರು ತುಂಬಿದ ಗುಳ್ಳೆ ಎಂದು ತಿಳಿಯಿತು. ನನ್ನ ಕೈಯಲ್ಲಿ ಸಂಬಳವಿತ್ತು, ಯಾರನ್ನೂ ಕೇಳದೆ ಹೋದೆ. ಅವಳು ಬಸ್ ಚಾರ್ಜಿಗೂ ಗಂಡನ ಮುಂದೆ ಕೈಯೊಡ್ಡಬೇಕಿತ್ತು.

ಗಂಟೆಲ್ಲ ಕ್ಯಾನ್ಸರ್ ಅಲ್ಲ. ಹರೆಯದವರಲ್ಲಿ ಗೋಲಿಯಂತೆ ಜಾರುವ ನಯವಾದ ಗಂಟು ಸಾಮಾನ್ಯ; ಅದಕ್ಕೆ ಫೈಬ್ರೊಅಡೆನೋಮ ಎನ್ನುತ್ತಾರೆ. ಮುಟ್ಟಿನ ಮುಂಚೆ ಬಾತು ಆಮೇಲೆ ಇಳಿಯುವ ಗಂಟುಗಳುಂಟು. ಹಾಲುಣಿಸುವಾಗ ಕೀವು ಕಟ್ಟುವುದುಂಟು. ಅದಕ್ಕೆ ಚಿಕಿತ್ಸೆ ಬೇಕು. ಆದರೆ ಗಟ್ಟಿಯಾಗಿ, ಒರಟಾಗಿ, ಕದಲದೆ ಕೂತ ಗಂಟು, ಚರ್ಮದಲ್ಲಿ ಗುಳಿ, ಒಳಸೇರಿದ ತೊಟ್ಟು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಂಟು ಕಂಡರೆ ತಡಮಾಡಬಾರದು. ಕ್ಯಾನ್ಸರ್ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ಆ ಅತ್ತೆ ತಪ್ಪಿದ್ದು ಇಲ್ಲೇ.

ಬರೀ ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲು ಡಾಕ್ಟರರಿಗೂ ಆಗದು. ಅದಕ್ಕೇ ಮೂರು ಹಂತ: ಡಾಕ್ಟರರು ಕೈಯಿಂದ ನೋಡುವುದು, ಚಿಕ್ಕ ವಯಸ್ಸಿನವರಿಗೆ ಸ್ಕ್ಯಾನಿಂಗ್, ನಲವತ್ತು ದಾಟಿದವರಿಗೆ ಸಾಮಾನ್ಯವಾಗಿ ಮ್ಯಾಮೋಗ್ರಾಂ, ಬಳಿಕ ಅಗತ್ಯವಿದ್ದರೆ ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸೂಜಿ ಚುಚ್ಚಿದರೆ ರೋಗ ಹರಡೀತೆಂದು ಹೆದರಿ ಈ ಪರೀಕ್ಷೆ ತಪ್ಪಿಸಬೇಡಿ.

ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡುವುದು ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ; ಆರೋಗ್ಯ ಕೇಂದ್ರದಲ್ಲಿ ಕೇಳಿ. ಗಂಟು ಕಂಡರೆ ಮಾತ್ರ ಆ ಸರದಿಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೋ ಯಾದಗಿರಿಗೋ ಹೋಗಿ. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡಿನವರಿಗೆ 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು.

ಇನ್ನೊಂದು ಮಾತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಹೆಂಗಸಿನ ಆರೋಗ್ಯಕ್ಕೆ ಹಾನಿ ಮಾಡುವುದೂ, ಅಗತ್ಯಕ್ಕೆ ಹಣ ಕೊಡದಿರುವುದೂ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಕಾಯಿಲೆಯ ನೆಪದಲ್ಲಿ ಹೊರಹಾಕುವಂತಿಲ್ಲ.

ಮುಂದಿನ ವಾರದ ಸಭೆಯಲ್ಲೇ ಒಂದು ಠರಾವು ಬರೆಯಿರಿ: ಗಂಟು ಕಂಡವಳಿಗೆ ಸಂಘದ ಉಳಿತಾಯದಿಂದ ಬಸ್ ಚಾರ್ಜು, ಜೊತೆಗೆ ಒಬ್ಬ ಸದಸ್ಯೆ. ನನ್ನ ವಿದ್ಯಾರ್ಥಿನಿಗೆ ಅಷ್ಟು ಸಿಕ್ಕಿದ್ದರೆ ಎಂಟು ತಿಂಗಳು ಹಾಗೆ ಕಳೆದುಹೋಗುತ್ತಿರಲಿಲ್ಲ.