ಸಾಕಿ ಒಪ್ಪಿಸುವ ಧರ್ಮ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾಯಿಯ ನಿಷ್ಠೆಯನ್ನು ಕುರಿತು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಬೆನ್ನು ಬಿಡದೆ ನಡೆದ ನಾಯಿಯ ಕಥೆಯನ್ನು ಮಕ್ಕಳೂ ಬಲ್ಲರು. ಸುಮಾರು ಕ್ರಿ.ಶ. 950ರ ಆತಕೂರು ಶಾಸನವಂತೂ ಕಾಳಿಯೆಂಬ ಬೇಟೆನಾಯಿಯ ಹೆಸರನ್ನೇ ಕಲ್ಲಿನಲ್ಲಿ ಉಳಿಸಿದೆ. ಗಂಗರ ಬೂತುಗನು ವೀರನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಅವನು ಕೇಳಿದುದು ಕಾಳಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಮಡಿಯಿತು; ಅದರ ನೆನಪಿಗೆ ಕಲ್ಲು ನಿಂತಿತು. ಈ ಶಾಸನವನ್ನು ಪಾಠ ಹೇಳುವಾಗ ನಾವು ನಾಯಿಯ ಶೌರ್ಯವನ್ನೂ ಅದನ್ನು ಪಡೆದವನ ಅಭಿಮಾನವನ್ನೂ ಕೊಂಡಾಡುತ್ತೇವೆ. ತನ್ನಲ್ಲಿದ್ದ ನಾಯಿಯನ್ನು ಮತ್ತೊಬ್ಬರ ಕೈಗೆ ಕೊಟ್ಟವರ ಮನಸ್ಸನ್ನು ಯೋಚಿಸುವುದಿಲ್ಲ. ಕೊಡುವುದಕ್ಕಾಗಿಯೇ ನಾಯಿಮರಿಗಳನ್ನು ಸಾಕುವ ಕುಟುಂಬಗಳು ದೂರದೇಶಗಳಲ್ಲಿವೆ. ಅವರನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ಆರಂಭವಾಯಿತು. 1928ರಲ್ಲಿ ಅಮೆರಿಕದ ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕನು ಸ್ವಿಟ್ಜರ್ಲೆಂಡಿಗೆ ಹೋಗಿ, ಡೊರೊತಿ ಯುಸ್ಟಿಸ್ ಎಂಬ ಮಹಿಳೆಯ ಬಳಿ ಶಿಕ್ಷಣ ಹೊಂದಿದ ಬಡ್ಡಿ ಎಂಬ ನಾಯಿಯೊಡನೆ ಹಿಂದಿರುಗಿ, ನ್ಯೂಯಾರ್ಕಿನ ವಾಹನಸಂದಣಿಯ ಬೀದಿಯನ್ನು ಪತ್ರಿಕಾ ವರದಿಗಾರರ ಎದುರಿನಲ್ಲಿ ದಾಟಿ ತೋರಿಸಿದನು. 1929ರಲ್ಲಿ ಅವರಿಬ್ಬರ ಪ್ರಯತ್ನದಿಂದ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು.

ಆದರೆ ಇಂತಹ ನಾಯಿ ಶಾಲೆಯಲ್ಲಿಯೇ ಪೂರ್ಣವಾಗಿ ಸಿದ್ಧವಾಗಲಾರದು. ಬಸ್ಸಿನ ಸದ್ದು, ಸಂತೆಯ ನೂಕುನುಗ್ಗಲು, ಮೆಟ್ಟಿಲು, ಮಳೆ, ಮಕ್ಕಳ ಗಲಾಟೆ, ಇವುಗಳ ನಡುವೆ ಬೆಳೆಯದ ಮರಿ ದೊಡ್ಡದಾದ ಮೇಲೆ ಇವೆಲ್ಲಕ್ಕೂ ಬೆದರುತ್ತದೆ. ಬೆದರುವ ನಾಯಿಯನ್ನು ನಂಬಿ ಅಂಧನು ಹೆಜ್ಜೆಯಿಡಬಹುದೆ? ಆದಕಾರಣ ಸೀಯಿಂಗ್ ಐ ಸಂಸ್ಥೆಯು 1942ರಲ್ಲಿ ಗ್ರಾಮೀಣ ಬಾಲಕ ಬಾಲಿಕೆಯರ ಸಂಘಗಳ ಮೂಲಕ ಮರಿಗಳನ್ನು ಮನೆಮನೆಗಳಲ್ಲಿ ಬೆಳೆಸುವ ಏರ್ಪಾಡನ್ನು ಮಾಡಿತು. ಇಂಗ್ಲೆಂಡಿನಲ್ಲಿ ಇಂತಹುದೇ ಯೋಜನೆ 1956ರಲ್ಲಿ ಮೊದಲಾಯಿತು.

ಏಳೆಂಟು ವಾರಗಳ ಮರಿ ಮನೆಗೆ ಬರುತ್ತದೆ. ಸಾಕುವವರಿಗೆ ಸಂಬಳವಿಲ್ಲ. ಸುಮಾರು ಒಂದು ವರ್ಷಕಾಲ ಅವರು ಅದಕ್ಕೆ ಶುಚಿಯನ್ನು ಕಲಿಸುತ್ತಾರೆ. ಊಟದ ಪಂಕ್ತಿಯಲ್ಲಿ ಬೇಡಬಾರದು, ಅತಿಥಿಗಳ ಮೈಮೇಲೆ ಹಾರಬಾರದು, ಕರೆದರೆ ಬರಬೇಕು ಎಂಬ ಮನೆಯ ನಡತೆಯನ್ನು ತಿದ್ದಿ ತೀಡುತ್ತಾರೆ. ಅಂಗಡಿಗೆ, ಕಚೇರಿಗೆ, ರೈಲುನಿಲ್ದಾಣಕ್ಕೆ ಕರೆದೊಯ್ಯುತ್ತಾರೆ. ಮರಿ ಜೋಡನ್ನು ಕಡಿದರೂ ಹೊಡೆಯುವಂತಿಲ್ಲ. ಮುದ್ದಿನಿಂದ ಕೆಡಿಸುವಂತೆಯೂ ಇಲ್ಲ.

ಅನಂತರ ಅದು ಸಂಸ್ಥೆಗೆ ಮರಳಿ, ಶಿಕ್ಷಕರ ಕೈಕೆಳಗೆ ಕೆಲವು ತಿಂಗಳು ಮುಖ್ಯ ವಿದ್ಯೆಯನ್ನು ಕಲಿಯುತ್ತದೆ. ಆ ವಿದ್ಯೆಯ ಶಿಖರವೊಂದಿದೆ: ‘ಮುಂದೆ ನಡೆ’ ಎಂದು ಒಡೆಯನು ಹೇಳಿದಾಗಲೂ, ವಾಹನ ಬರುತ್ತಿದ್ದರೆ ನಾಯಿ ಕದಲಬಾರದು. ಆಜ್ಞೆಯನ್ನು ಪಾಲಿಸುವುದು ಮಾತ್ರವಲ್ಲ, ಒಡೆಯನ ಹಿತಕ್ಕಾಗಿ ಮೀರುವುದನ್ನೂ ಅದು ಅರಿಯಬೇಕು. ಅಂಜಿಸಿ ಬೆಳೆಸಿದ ಪ್ರಾಣಿಗೆ ಈ ವಿವೇಕ ಬರುವುದು ಕಷ್ಟ. ವಿಶ್ವಾಸದಿಂದ ಬೆಳೆದುದಕ್ಕೆ ಸುಲಭ. ಮಕ್ಕಳಿಗೆ ಪಾಠ ಹೇಳುವ ನನ್ನಂಥವರೂ ನೆನಪಿಡತಕ್ಕ ಮಾತಿದು.

ಮರಿಯನ್ನು ಒಪ್ಪಿಸುವ ದಿನ ಮನೆಯಲ್ಲಿ ಕಣ್ಣೀರಿಲ್ಲದಿರುವುದು ಅಪರೂಪ. ‘ನಾವೇ ಸಾಕಿದ್ದು, ಏಕೆ ಕೊಡಬೇಕು?’ ಎಂದು ಮಗು ಕೇಳಿದರೆ ಏನು ಹೇಳೋಣ? ಕಾಳಿದಾಸನ ಕಣ್ವರು ಶಕುಂತಲೆಯನ್ನು ಬೀಳ್ಕೊಡುವಾಗ ನೊಂದರು. ಒಪ್ಪಿಸಬೇಕಾದ ನಿಕ್ಷೇಪವನ್ನು ಒಪ್ಪಿಸಿದವರಂತೆ ಹಗುರವೂ ಆದರು. ಹೋಲಿಕೆ ಅತಿಯಾಯಿತೆಂದು ತಾವು ಭಾವಿಸಬಾರದು. ಸಾಮ್ಯವಿರುವುದು ಸಾಕಿದವರ ಮನಸ್ಸಿನಲ್ಲಿ. ಮರಿ ಮೊದಲ ದಿನದಿಂದಲೇ ಇನ್ನೊಬ್ಬರದು. ಅವರ ಹೆಸರು ಮಾತ್ರ ಇನ್ನೂ ತಿಳಿದಿರಲಿಲ್ಲ. ಇದನ್ನು ತಿಳಿದೂ ಪ್ರೀತಿಯನ್ನು ಕಡಿಮೆ ಮಾಡದಿರುವುದೇ ಅವರ ಹಿರಿಮೆ. ಎಲ್ಲ ಮರಿಗಳೂ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಹಾಗಾದಾಗ ಅದನ್ನು ಮರಳಿ ಪಡೆಯುವ ಅವಕಾಶವನ್ನು ಅನೇಕ ಸಂಸ್ಥೆಗಳು ಸಾಕಿದವರಿಗೇ ಕೊಡುತ್ತವೆ. ಆದರೂ ತಮ್ಮ ಮರಿ ಹಿಂದಿರುಗದೆ ಗೆಲ್ಲಲಿ ಎಂದೇ ಅವರು ಹಾರೈಸುತ್ತಾರೆ. ಎಷ್ಟೋ ಮನೆಗಳವರು ಒಂದನ್ನು ಒಪ್ಪಿಸಿ ಬಂದು ಮತ್ತೊಂದು ಮರಿಗೆ ಹಾಸಿಗೆ ಹಾಸುತ್ತಾರೆ.

ನಮ್ಮ ಬೀದಿಗಳಲ್ಲಿ ಇಂತಹ ನಾಯಿಯನ್ನು ಕಾಣುವುದು ವಿರಳ. ತಮ್ಮ ಮಕ್ಕಳು ದೂರದ ಊರುಗಳಿಗೆ ಹೋದಾಗ, ಬೆನ್ನಿಗೆ ಹಿಡಿಪಟ್ಟಿ ಕಟ್ಟಿದ ನಾಯಿ ಅಂಧರೊಬ್ಬರನ್ನು ನಡೆಸುತ್ತಿರುವುದನ್ನು ಕಂಡರೆ, ಅದನ್ನು ಮುಟ್ಟಬಾರದು, ಕರೆಯಬಾರದು, ತಿನಿಸು ಕೊಡಬಾರದು. ಅದು ಕೆಲಸದಲ್ಲಿದೆ, ಅದರ ಗಮನ ಚಲಿಸಿದರೆ ಅಪಾಯ ಅದನ್ನು ನಂಬಿದವರಿಗೆ. ಅದನ್ನು ಮಗುವಿನಂತೆ ಬೆಳೆಸಿ ಕಳುಹಿಸಿಕೊಟ್ಟ ಮನೆಯೊಂದು ಎಲ್ಲಿಯೋ ಇದೆಯೆಂದು ಮನಸ್ಸಿನಲ್ಲಿಯೇ ವಂದಿಸಿದರೆ ಸಾಕು. ಕಾಳಿಗೆ ಕಲ್ಲು ನಿಲ್ಲಿಸಿದ ಜನರ ಮಕ್ಕಳಾದ ನಾವು ಅಷ್ಟನ್ನು ಮಾಡಬಲ್ಲೆವು.